ಬಕೆಟ್ ಹಿಡಿಯಲು ಬಾರದವನ ಕಥೆ

ಆಫೀಸಿನಲ್ಲಿ ಬಕೆಟ್ ಹಿಡಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಆ ಕಲೆ ಒಲಿಯಲಿಲ್ಲ. ಆದರೆ ಪ್ರೋಗ್ರಾಮ್‌ಗಳಲ್ಲಿ ಮಾಹಿತಿಯನ್ನು ಬೇಗ ಹುಡುಕಲು ಜೋಡಿಸಿಡುವ ಹ್ಯಾಶ್‌ಮ್ಯಾಪ್ ಒಳಗೂ ಬಕೆಟ್‌ಗಳಿರುತ್ತವೆ, ಅವನ್ನು ಹಿಡಿಯಲು ಬಾರದಿದ್ದರೆ ಮಾನ ಹೋಗುತ್ತದೆ ಅಂತ ಗೊತ್ತಾಗಿದ್ದು ಮೀಟಿಂಗ್ ರೂಮ್ ಬುಕ್ ಮಾಡುವ ಪ್ರೋಗ್ರಾಮ್ ಬರೆದಾಗ.

ಕೆಲಸ ಸುಲಭದ್ದೇ. ರೂಮ್ ನಂಬರ್, ತಾರೀಖು, ಗಂಟೆ ಮೂರನ್ನೂ ಸೇರಿಸಿ ಜಾವಾ ಭಾಷೆಯಲ್ಲಿ ‘ಸ್ಲಾಟ್’ ಅಂತ ಒಂದು ಕ್ಲಾಸ್ (ಮಾಹಿತಿಯ ಅಚ್ಚು) ಮಾಡಿದೆ. ಅದೇ ಕೀ, ಅಂದರೆ ಹುಡುಕಲು ಬಳಸುವ ಗುರುತು. ಬುಕ್ ಮಾಡಿದವರ ಹೆಸರು ವ್ಯಾಲ್ಯೂ, ಅಂದರೆ ಆ ಕೀ ಜೊತೆ ಇಡುವ ಮಾಹಿತಿ. ಯಾರಾದರೂ ರೂಮ್ ಕೇಳಿದರೆ ಮ್ಯಾಪ್‌ನಲ್ಲಿ ಆ ಸ್ಲಾಟ್ ಹುಡುಕುವುದು, ನಲ್ (‘ಏನೂ ಇಲ್ಲ’) ಬಂದರೆ ಖಾಲಿ ಅನ್ನುವುದು. ಇಷ್ಟೇ ಅಲ್ವಾ?

ಮೊದಲ ಸೋಮವಾರ ಹತ್ತು ಗಂಟೆಗೆ 4ನೇ ರೂಮಿನಲ್ಲಿ ಮೂರು ತಂಡ ಸೇರಿದವು. ಮೂರೂ ತಂಡದವರು ‘ಬುಕ್ ಆಗಿದೆ’ ಅನ್ನುವ ನನ್ನ ಮೆಸೇಜನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನಾನು ಬಾಗಿಲವರೆಗೆ ಹೋಗಿ, ಒಳಗಿನ ಗದ್ದಲ ಕೇಳಿ, ಲಿಫ್ಟ್‌ಗೂ ಕಾಯದೆ ಮೆಟ್ಟಿಲಿಳಿದು ಬಂದೆ.

ಮ್ಯಾಪನ್ನು ಪ್ರಿಂಟ್ ಮಾಡಿ ನೋಡಿದೆ. ಅದೇ ರೂಮ್, ಅದೇ ತಾರೀಖು, ಅದೇ ಗಂಟೆ, ಮೂರು ಸಲ! ಒಂದು ಕೀ ಒಂದೇ ಸಲ ಇರಬೇಕು ಅಂತ ನಾನು ಓದಿದ್ದು ಯಾವ ಜನ್ಮದಲ್ಲಿ?

ಪಕ್ಕದ ಸೀಟಿನ ಸೀನಿಯರ್ ಮೇಡಂ ಬಗ್ಗಿ ನೋಡಿದರು. “ಎರಡು ಸ್ಲಾಟ್ ಒಂದೇನಾ ಅಂತ ಹೋಲಿಸೋ ಈಕ್ವಲ್ಸ್ ಬರೆದಿದ್ದೀಯೇನಪ್ಪ?”

“ಅದು ಇದ್ದೇ ಇರುತ್ತಲ್ಲ ಮೇಡಂ.”

“ಇರುತ್ತೆ. ಎರಡೂ ಮೆಮೊರಿಯಲ್ಲಿರೋ ಒಂದೇ ಆಬ್ಜೆಕ್ಟಾ ಅಂತಷ್ಟೇ ನೋಡುತ್ತೆ. ಒಳಗೇನಿದೆ ಅಂತ ಅದು ಯಾಕೆ ನೋಡಬೇಕು?”

ಸ್ಟ್ರಿಂಗ್ (ಅಕ್ಷರಗಳ ಸಾಲು) ಕೀ ಹಾಕುತ್ತಿದ್ದ ದಿನಗಳಲ್ಲಿ ಈ ರಗಳೆಯೇ ಇರಲಿಲ್ಲ. ಅದು ಒಳಗಿನ ಅಕ್ಷರ ನೋಡುವುದನ್ನು ಮೊದಲೇ ಕಲಿತು ಬಂದಿದೆ. ನನ್ನ ಸ್ಲಾಟ್ ಏನೂ ಕಲಿಯದ ಮಗು. ಸರಿ, ಈಕ್ವಲ್ಸ್ ಬರೆದೆ. ಎರಡು ಸ್ಲಾಟ್ ಹೋಲಿಸಿದರೆ ಟ್ರೂ ಬಂತು. ಮ್ಯಾಪ್‌ನಲ್ಲಿ ಹುಡುಕಿದರೆ ಮತ್ತೆ ನಲ್.

ಆಗ ಬಂತು ಬಕೆಟ್ ಪುರಾಣ. ಹ್ಯಾಶ್‌ಮ್ಯಾಪ್ ಶುರುವಿನಲ್ಲಿ 16 ಬಕೆಟ್ ಇಟ್ಟುಕೊಳ್ಳುತ್ತದೆ. ಕೀ ಯಾವುದಕ್ಕೆ ಹೋಗಬೇಕು ಅಂತ, ಆ ಕೀಗೊಂದು ನಂಬರ್ ಕೊಡುವ ಹ್ಯಾಶ್‌ಕೋಡ್ ಹೇಳುತ್ತದೆ. ಹುಡುಕುವಾಗಲೂ ಆ ಒಂದು ಬಕೆಟ್‌ನಲ್ಲೇ ಇಣುಕುವುದು. ನಾನು ಹ್ಯಾಶ್‌ಕೋಡ್ ಬರೆದಿರಲಿಲ್ಲವಾದ್ದರಿಂದ ಪ್ರತಿ ಹೊಸ ಸ್ಲಾಟ್ ತನಗೆ ತೋಚಿದ ನಂಬರ್ ಹೇಳಿ ಬೇರೆ ಕಡೆ ಹೋಗಿ ಕೂರುತ್ತಿತ್ತು. ಈಕ್ವಲ್ಸ್ ಪಾಪ, ಕರೆ ಬರಲಿ ಅಂತ ಕಾಯುತ್ತಲೇ ಇತ್ತು.

ನಂಬರ್ ಒಂದೇ ಬರಬೇಕು, ಅಷ್ಟೇ ತಾನೇ? ಹ್ಯಾಶ್‌ಕೋಡ್ ಮೆಥಡ್‌ನಲ್ಲಿ ‘ರಿಟರ್ನ್ 1’ ಅಂತ ಬರೆದು ಮನೆಗೆ ಹೋದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ತಮಾಷೆ ಅಂದರೆ ಇದು ತಪ್ಪೂ ಅಲ್ಲ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಎಲ್ಲ ಕೀಗಳೂ ಒಂದೇ ಬಕೆಟ್‌ಗೆ ಬಿದ್ದು, ಉಳಿದವು ಸುಮ್ನೆ ಬಾಯಿ ತೆರೆದುಕೊಂಡು ಕೂತಿರುತ್ತವೆ. 50,000 ಸ್ಲಾಟ್ ಹಾಕಿ ಪರೀಕ್ಷೆ ಮಾಡಿದಾಗ ಪ್ರೋಗ್ರಾಮ್ ತೆವಳಿತು. ಒಂದೇ ಬಕೆಟ್‌ನಲ್ಲಿ ಜನ ಜಾಸ್ತಿಯಾದರೆ ಜಾವಾ 8ರಿಂದ ಈಚೆಗೆ ಅವರನ್ನು ಸಾಲಿನ ಬದಲು, ಬೇಗ ಹುಡುಕಲೆಂದು ಕವಲೊಡೆದ ಮರದಲ್ಲಿ ಕೂರಿಸುತ್ತದೆ ನಿಜ. ಆದರೆ ನನ್ನ ಸ್ಲಾಟ್‌ಗಳಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಮರ ಹತ್ತಿಯೂ ಪ್ರಯೋಜನ ಇಲ್ಲ.

ಮೂರೂ ಫೀಲ್ಡ್ (ರೂಮ್, ತಾರೀಖು, ಗಂಟೆ) ಸೇರಿಸಿ, 31ರಿಂದ ಗುಣಿಸಿ, ಮರ್ಯಾದಸ್ಥರ ಹ್ಯಾಶ್‌ಕೋಡ್ ಬರೆದೆ. ಎರಡು ತಿಂಗಳು ಶಾಂತಿ.

ಆಮೇಲೆ ಯಾರಿಗೋ ರೂಮ್ ನಂಬರ್‌ಗಳನ್ನು ಬದಲಾಯಿಸುವ ಹುರುಪು ಬಂತು. 4ನೇ ರೂಮ್ ಇನ್ನು ಮುಂದೆ 7. ನನಗೇನು, ಒಳಗಿನ ನಂಬರ್ ಬದಲಾಯಿಸುವ ಸೆಟರ್ ಇದೆಯಲ್ಲ! ಮ್ಯಾಪ್‌ನಲ್ಲಿದ್ದ ಕೀಗಳನ್ನೇ ಒಂದೊಂದಾಗಿ ಹಿಡಿದು 4 ಇದ್ದಲ್ಲಿ 7 ಮಾಡಿಬಿಟ್ಟೆ. ಬುಕಿಂಗ್‌ಗಳೆಲ್ಲ ಮಾಯ. ಪ್ರಿಂಟ್ ಮಾಡಿದರೆ ಕಣ್ಣೆದುರೇ ಇವೆ, ಕೇಳಿದರೆ ನಲ್, ಅಳಿಸಲು ಹೋದರೂ ಅಳಿಯವು. ಹಳೇ ನಂಬರ್ ಹಿಡಿದು ಹೋದರೆ ಬಕೆಟ್ ಸರಿಯಾಗಿ ಸಿಗುತ್ತದೆ, ಆದರೆ ಈಕ್ವಲ್ಸ್ ‘ಇವರಲ್ಲ’ ಅನ್ನುತ್ತದೆ. ಹೊಸ ನಂಬರ್ ಹಿಡಿದು ಹೋದರೆ ಈಕ್ವಲ್ಸ್ ‘ಹೌದು’ ಅನ್ನಲು ತಯಾರು, ಆದರೆ ಹೋಗಿದ್ದೇ ಬೇರೆ ಬಕೆಟ್‌ಗೆ.

ಮೇಡಂ ಈ ಸಲ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಕ್ಲಾಸ್ ಪೂರ್ತಿ ಅಳಿಸಿ ಒಂದೇ ಸಾಲಿನ ರೆಕಾರ್ಡ್ ಬರೆದರು. ಜಾವಾ 16ರಲ್ಲಿ ಖಾಯಂ ಆಗಿ ಬಂದ ಸೌಲಭ್ಯ ಅದು. ಈಕ್ವಲ್ಸ್, ಹ್ಯಾಶ್‌ಕೋಡ್ ಎರಡನ್ನೂ ತಾನೇ ಬರೆದುಕೊಳ್ಳುತ್ತದೆ, ಸೆಟರ್ ಅಂತೂ ಇಲ್ಲವೇ ಇಲ್ಲ. ನಂಬರ್ ಬದಲಾದರೆ ಹಳೇ ಕೀ ತೆಗೆದು ಹೊಸದನ್ನು ಹಾಕಬೇಕು, ಅಷ್ಟೇ. ನನ್ನ ಎರಡು ತಿಂಗಳ ಜ್ಞಾನ ಒಂದು ಸಾಲಿನಲ್ಲಿ ಮುಗಿದುಹೋಯಿತು.

ಮರುದಿನ ಬಾಸ್ ಗುಡುಗುತ್ತಾ ಬಂದರು. 7ನೇ ರೂಮ್ ಬುಕ್ ಮಾಡಿ ಹೋದರೆ ಒಳಗೆ ಬೇರೆ ತಂಡ ಕೂತಿದೆಯಂತೆ. ಎದೆ ಧಸಕ್ಕೆಂದಿತು. ಓಡಿಹೋಗಿ ನೋಡಿದೆ. ಬಾಗಿಲಿಗೆ ಹಾಕಿದ್ದ ಬೋರ್ಡ್‌ಗಳನ್ನು ಯಾರೂ ಬದಲಾಯಿಸಿರಲಿಲ್ಲ. ಜೀವನದಲ್ಲಿ ಮೊದಲ ಸಲ ಬಾಸ್‌ಗೆ ನಗುನಗುತ್ತಾ ಹೇಳಿದೆ, “ಸಾರ್, ಇದು ನನ್ನ ಬಗ್ ಅಲ್ಲ!”