ಒರ್ವಿಯೆಟೊದಲ್ಲಿ ಗೈಡ್ ಬೇಕೇ ಬೇಕು

ಇಟಲಿಗೆ ಹೋಗುವ ನಮ್ಮ ಜನ ಖರ್ಚು ಕಡಿಮೆ ಮಾಡಲು ಕೂತರೆ ಮೊದಲು ಹಾರಿಹೋಗುವುದು ಗೈಡ್. ಮೊಬೈಲ್ ಇದೆಯಲ್ಲ, ಸಾಕು ಅಂತ. ರೋಮ್‌ನಲ್ಲಿ ಹೇಗೋ ನಡೆದೀತು. ಒರ್ವಿಯೆಟೊದಂಥ ಗುಡ್ಡದ ಊರಿನಲ್ಲಿ ನಡೆಯುವುದಿಲ್ಲ ಅನ್ನುವುದು ನನ್ನ ವಾದ. ಅಲ್ಲಿನ ಚರ್ಚುಗಳಲ್ಲಿ ಏನಿದೆ ಅನ್ನುವಷ್ಟೇ, ಏನಿತ್ತು, ಯಾರು ತೆಗೆದರು ಅನ್ನುವುದೂ ಮುಖ್ಯ. ಅದನ್ನು ಹೇಳಲು ಆ ಊರಿನವರೇ ಬೇಕು.

ರೋಮ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಒಂದು, ಒಂದೂವರೆ ಗಂಟೆ. ಸ್ಟೇಷನ್ ಕೆಳಗೆ, ಊರು ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ದೊಡ್ಡ ಬಂಡೆಯ ನೆತ್ತಿಯ ಮೇಲೆ ಕೂತ ಊರು ಅದು. ಹಗ್ಗದಿಂದ ಎಳೆಯುವ ಪುಟ್ಟ ರೈಲು ಹತ್ತಿದರೆ ಕೆಲವೇ ನಿಮಿಷಕ್ಕೆ ಮೇಲೆ ಬಿಡುತ್ತದೆ.

ನಮ್ಮ ಗೈಡ್ ಅಲ್ಲೇ ಹುಟ್ಟಿ ಬೆಳೆದ ಹೆಂಗಸು. ಕೊರಳಲ್ಲಿ ಲೈಸೆನ್ಸ್ ಕಾರ್ಡು, ಕಾಲಲ್ಲಿ ಸವೆದ ಬೂಟು. ಎಲ್ಲರೂ ನೇರ ದುವೊಮೊ ಕಡೆ, ಅಂದರೆ ದೊಡ್ಡ ಕೆಥೆಡ್ರಲ್ ಕಡೆ ಹೋಗುತ್ತಿದ್ದರೆ, ಇವರು ನಮ್ಮನ್ನು ಸಾಂತ್ ಆಂದ್ರೆಯಾ ಚರ್ಚಿಗೆ ಕರೆದುಕೊಂಡು ಹೋದರು. ಪಕ್ಕದಲ್ಲೇ ಹನ್ನೆರಡು ಮುಖದ ಗಂಟೆ ಗೋಪುರ. ಚರ್ಚಿನ ನೆಲದಡಿಯಲ್ಲಿ ಹಳೆಯ ಚರ್ಚಿನ ಮೊಸಾಯಿಕ್ ನೆಲ, ಅದಕ್ಕೂ ಕೆಳಗೆ ಎಟ್ರಸ್ಕನ್ನರ, ಅಂದರೆ ರೋಮನ್ನರಿಗಿಂತ ಮೊದಲು ಇಲ್ಲಿದ್ದ ಜನರ ಕಾಲದ ಅವಶೇಷ. ಎಟ್ರಸ್ಕನ್ನರ ಈ ಊರನ್ನು ರೋಮನ್ನರು ಕ್ರಿ.ಪೂ. 264ರಲ್ಲಿ ಹಾಳುಮಾಡಿ ಜನರನ್ನು ಬೇರೆ ಕಡೆಗೆ ಓಡಿಸಿದ್ದರು. ಮೊದಲು ಇದನ್ನು ನೋಡಿದ್ದರಿಂದ ಆಮೇಲೆ ಕಂಡದ್ದೆಲ್ಲ ‘ಹೊಸದು’ ಅನ್ನಿಸತೊಡಗಿತು. 1290ರಲ್ಲಿ ಶುರುವಾದ ದುವೊಮೊ ಕೂಡ!

ದುವೊಮೊದ ಮುಂಭಾಗದ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಚಿನ್ನದ ಬಣ್ಣದ ಮೊಸಾಯಿಕ್, ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತದೆ, ಫೋಟೋಗಳಲ್ಲಿ ಎಲ್ಲರೂ ನೋಡಿದ್ದೀರಿ. ಒಳಗಿನ ಕಥೆ ಬೇರೆ. 1263ರಲ್ಲಿ ಹತ್ತಿರದ ಬೊಲ್ಸೆನಾದಲ್ಲಿ ಪೂಜೆ ಮಾಡುತ್ತಿದ್ದ ಪಾದ್ರಿಯೊಬ್ಬನ ಕೈಯಲ್ಲಿದ್ದ ಪ್ರಸಾದದ ರೊಟ್ಟಿಯಿಂದ ರಕ್ತ ಒಸರಿ ಬಟ್ಟೆಯ ಮೇಲೆ ಬಿತ್ತು ಅನ್ನುತ್ತಾರೆ. ಆ ಬಟ್ಟೆ ಇಲ್ಲೇ ಒಂದು ಚಾಪೆಲ್‌ನಲ್ಲಿ, ಅಂದರೆ ಚರ್ಚಿನೊಳಗಿನ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿದೆ. ಮರುವರ್ಷ ಪೋಪ್ ನಾಲ್ಕನೇ ಅರ್ಬನ್ ಇದೇ ಊರಿನಲ್ಲಿದ್ದುಕೊಂಡು ಆ ಪ್ರಸಾದವನ್ನೇ ಕ್ರಿಸ್ತನ ದೇಹವೆಂದು ಪೂಜಿಸುವ ಕಾರ್ಪಸ್ ಕ್ರಿಸ್ಟಿ ಹಬ್ಬವನ್ನು ಘೋಷಿಸಿದ. ಆದರೆ ಆ ಘೋಷಣೆಯ ಪತ್ರದಲ್ಲಿ ಬೊಲ್ಸೆನಾದ ಪವಾಡದ ಮಾತೇ ಇಲ್ಲವಂತೆ. ಇದನ್ನು ಗೈಡೇ ಹೇಳಿದರು, ಆ ಬಟ್ಟೆಯ ಎದುರೇ ನಿಂತು. ಹೇಳಿ ಶಿಲುಬೆಯ ಗುರುತನ್ನೂ ಮಾಡಿಕೊಂಡರು. ನನಗೆ ತುಂಬಾ ಹಿಡಿಸಿದ್ದು ಇದೇ. ನಂಬಿಕೆ ಇರುವವರು ಇತಿಹಾಸವನ್ನು ಮುಚ್ಚಿಡಬೇಕಾಗಿಲ್ಲ, ಅಲ್ವಾ?

ದುವೊಮೊದೊಳಗೇ ಇರುವ ಸಾನ್ ಬ್ರಿತ್ಸಿಯೊ ಚಾಪೆಲ್‌ನಲ್ಲಿ ಲೂಕಾ ಸಿನ್ಯೊರೆಲ್ಲಿಯ ಚಿತ್ರಗಳಿವೆ. 1447ರಲ್ಲಿ ಫ್ರಾ ಆಂಜೆಲಿಕೊ ಅನ್ನುವ ಚಿತ್ರಕಾರ ಚಾವಣಿಯ ಚಿತ್ರ ಶುರುಮಾಡಿ ಬಿಟ್ಟುಹೋದ. ಐವತ್ತು ವರ್ಷ ದಾಟಿದ ಮೇಲೆ ಸಿನ್ಯೊರೆಲ್ಲಿ ಬಂದು, 1504ರ ಹೊತ್ತಿಗೆ ಮುಗಿಸಿದ. ಒಂದು ಗೋಡೆಯಲ್ಲಿ ಕ್ರಿಸ್ತನಂತೆಯೇ ಕಾಣುವವನೊಬ್ಬ ಪ್ರವಚನ ಮಾಡುತ್ತಿದ್ದಾನೆ. ಗೈಡ್ ಏನೂ ಹೇಳದೆ ಸುಮ್ನೆ ಬೆರಳು ತೋರಿಸಿದರು. ಅವನ ಕಿವಿಯಲ್ಲಿ ಸೈತಾನ ಪಿಸುಗುಡುತ್ತಿದ್ದಾನೆ. ಸೈತಾನನ ಕೈ ಅವನ ನಿಲುವಂಗಿಯೊಳಗೆ ತೂರಿಹೋಗಿ, ಯಾವುದು ಯಾರ ಕೈ ಎಂದೇ ತಿಳಿಯುವುದಿಲ್ಲ! ಎಡಗಡೆ ಮೂಲೆಯಲ್ಲಿ ಕಪ್ಪು ಬಟ್ಟೆ ತೊಟ್ಟ ಸಿನ್ಯೊರೆಲ್ಲಿಯೇ ನಿಂತು ನಮ್ಮನ್ನು ನೋಡುತ್ತಾನೆ. ಪಕ್ಕದಲ್ಲಿ ಫ್ರಾ ಆಂಜೆಲಿಕೊ, ಆ ಹೊತ್ತಿಗೆ ಸತ್ತು ಎಷ್ಟೋ ಕಾಲವಾಗಿತ್ತು. ಕೆಲಸ ಶುರುಮಾಡಿದವನನ್ನು ಮರೆಯದ ಈ ಮರ್ಯಾದೆ ಈಗಿನ ಕಂಟ್ರಾಕ್ಟರುಗಳಲ್ಲಿ ಕಂಡಿಲ್ಲ ಬಿಡಿ.

ನಡುವಿನ ಸಾಲುಕಂಬಗಳ ಪಕ್ಕದಲ್ಲಿ ಹನ್ನೆರಡು ಅಪೊಸ್ತಲರ, ಅಂದರೆ ಕ್ರಿಸ್ತನ ಶಿಷ್ಯರ ದೊಡ್ಡ ಪ್ರತಿಮೆಗಳಿವೆ. ಇವು ಆಮೇಲಿನ ಕಾಲದವು, ‘ನಿಜವಾದ’ ಮಧ್ಯಯುಗದ ಚರ್ಚಿಗೆ ಒಪ್ಪುವುದಿಲ್ಲ ಅಂತ 1897ರಲ್ಲಿ ತೆಗೆದು ಹೊರಹಾಕಿದರು. 2019ರಲ್ಲಿ ಮತ್ತೆ ಒಳಗೆ ತಂದು ನಿಲ್ಲಿಸಿದರು. ಊರಿನಲ್ಲಿ ಕೆಲವರಿಗೆ ಈಗಲೂ ಇದು ಇಷ್ಟವಿಲ್ಲ, ಪಟ್ಟೆ ಪಟ್ಟೆ ಕಂಬಗಳ ಅಂದ ಮರೆಯಾಯಿತು ಅನ್ನುತ್ತಾರೆ ಎಂದರು ಗೈಡ್. ನಾನು ಪ್ರತಿಮೆಗಳ ಕಡೆ. ಅವುಗಳ ಜೊತೆಗೇ ವಾಪಸ್ ಬಂದ ಶಿಲ್ಪಿ ಫ್ರಾಂಚೆಸ್ಕೊ ಮೋಕಿಯ ದೇವದೂತ ಮತ್ತು ಮೇರಿಯನ್ನು ನೋಡಿ. ದೂತ ಹಾರಿಬಂದು ಇನ್ನೂ ಇಳಿಯುತ್ತಿದ್ದಾನೆ, ಮೇರಿ ಬೆಚ್ಚಿ ಕುರ್ಚಿಯಿಂದ ಎದ್ದಿದ್ದಾಳೆ. ಇಂಥದ್ದನ್ನು ನೂರಿಪ್ಪತ್ತು ವರ್ಷ ಹೊರಗಿಟ್ಟಿದ್ದು ಯಾವ ಶುದ್ಧಿ?

ಅದಕ್ಕಿಂತ ಕೆಟ್ಟದ್ದು ಸಾನ್ ಡೊಮೆನಿಕೊದಲ್ಲಿ ಆಗಿದೆ. ಸಂತ ಡೊಮಿನಿಕ್‌ನ ಪಂಥದ ಸನ್ಯಾಸಿಗಳಾದ ಡೊಮಿನಿಕನ್ನರ ಬಹಳ ಹಳೆಯ ಚರ್ಚುಗಳಲ್ಲಿ ಇದೊಂದು. ಮುಸೊಲಿನಿಯ ಕಾಲದಲ್ಲಿ, 1930ರ ದಶಕದಲ್ಲಿ, ಹೆಣ್ಣುಮಕ್ಕಳ ವ್ಯಾಯಾಮ ಶಿಕ್ಷಣದ ಅಕಾಡೆಮಿ ಕಟ್ಟಬೇಕೆಂದು ಇದರ ಉದ್ದನೆಯ ಹಜಾರವನ್ನೇ ಕೆಡವಿದರು. ಉಳಿದಿರುವುದು ಬಲಿಪೀಠದ ಕಡೆಯ ತುಂಡು ಮಾತ್ರ. ಗೈಡ್ ಹೊರಗೆ ನಿಂತು, ಚರ್ಚು ಎಲ್ಲಿಯ ತನಕ ಇತ್ತು ಅಂತ ಕೈಚಾಚಿ ತೋರಿಸಿದಾಗಲೇ ನಮಗೆ ಅದರ ಗಾತ್ರ ಗೊತ್ತಾದದ್ದು. ಒಳಗೆ 1282ರಲ್ಲಿ ತೀರಿಕೊಂಡ ಫ್ರೆಂಚ್ ಕಾರ್ಡಿನಲ್ ದ ಬ್ರೆಯ ಸಮಾಧಿ ಇದೆ, ಶಿಲ್ಪಿ ಆರ್ನೊಲ್ಫೊ ದಿ ಕಾಂಬಿಯೊ ಮಾಡಿದ್ದು. ಮೇಲೆ ಕೂತ ಮೇರಿ ನಿಜಕ್ಕೂ ಹಳೆಯ ರೋಮನ್ ಪ್ರತಿಮೆ. ಅದನ್ನೇ ತಿದ್ದಿ ಮೇರಿ ಮಾಡಿದ್ದಾರೆ. ಕಾರ್ಡಿನಲ್ ಸಾಹೇಬರಿಗೆ ಗೊತ್ತಿದ್ದರೆ ಏನನ್ನುತ್ತಿದ್ದರೋ!

ಹೋಗುವವರು ಗೈಡ್ ಗೊತ್ತುಮಾಡುವಾಗಲೇ ಸಾನ್ ಡೊಮೆನಿಕೊ ಸೇರಿಸಿ ಅಂತ ಕೇಳಿಕೊಳ್ಳಿ. ಜೊತೆಗೆ ಪಶ್ಚಿಮದ ತುದಿಯಲ್ಲಿರುವ ಸಾನ್ ಜೊವೆನಾಲೆಯನ್ನೂ. 1004ರ ಚರ್ಚು ಅದು, ಗೋಡೆ ತುಂಬ ಬೇರೆಬೇರೆ ಶತಮಾನದ ಚಿತ್ರಗಳು. ಎರಡೂ ಯಾವಾಗ ತೆರೆದಿರುತ್ತವೆ ಅಂತ ಮೊದಲೇ ವಿಚಾರಿಸಿ, ಮಧ್ಯಾಹ್ನ ಬೀಗ ಬಿದ್ದಿರಬಹುದು.