ಚಿಕ್ಕವ್ವನ ಮೆಟಬಾಲಿಸಂ ಸತ್ತಿಲ್ಲ

ಭಾನುವಾರ ಮಂಡ್ಯದಲ್ಲಿ ನೆಂಟರ ಮನೆ ಗೃಹಪ್ರವೇಶ. ಊಟ ಮುಗಿದು ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಿಗೆ, ವೆಲ್‌ನೆಸ್ ಕೋಚ್ ಅಂತ ಪರಿಚಯ ಮಾಡಿಕೊಂಡ ಒಬ್ಬರು ಬ್ಯಾಗಿನಿಂದ ತೂಕದ ಮಷೀನ್ ತೆಗೆದು ನಡುಮನೆಯಲ್ಲಿಟ್ಟರು. ಹೆಂಗಸರೆಲ್ಲ ಸಾಲಾಗಿ ಹತ್ತಿ ಇಳಿದರು. ನಮ್ಮ ಚಿಕ್ಕವ್ವನ ಸರದಿ ಬಂತು. "ಅಮ್ಮ, ನಿಮಗೆ 58. ಆದರೆ ನಿಮ್ಮ ಬಾಡಿ ಏಜ್ 74. ಮೆಟಬಾಲಿಸಂ ಸತ್ತೋಗಿದೆ. ಮೊದಲು ಆ ಮುದ್ದೆ ಬಿಡಿ" ಅಂದರು. ಮುದ್ದೆ ಬದಲು ರಾತ್ರಿ ಹೊತ್ತು ಪುಡಿ ಕಲಸಿದ ಒಂದು ಲೋಟ ಶೇಕ್. ಡಬ್ಬಿ ಬೆಲೆ ಎರಡು ಸಾವಿರದ ಮೇಲೆ.

ಚಿಕ್ಕವ್ವ ಅಡುಗೆಮನೆಗೆ ಬಂದು ನನ್ನ ಕೈ ಹಿಡ್ಕೊಂಡು ಕೇಳಿದ್ದು ಇಷ್ಟು: "ಮಗಾ, ನೀನು ಇಸ್ಕೂಲಲ್ಲಿ ಇದ್ನೇ ಅಲ್ವಾ ಹೇಳ್ಕೊಡದು? ನನ್ನೊಳಗೆ ಅದೇನೋ ಸತ್ತೋಗದಂತೆ. ನಿಜ್ವಾ?"

ಆ ಮುಖ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದನ್ನೇ ಇಲ್ಲೂ ಹೇಳ್ತೀನಿ. ತಿಂದದ್ದನ್ನು ಒಡೆದು ಅದರಿಂದ ಶಕ್ತಿ ತೆಗೆಯೋದು, ಆ ಶಕ್ತಿಯಿಂದ ದೇಹ ಕಟ್ಟೋದು, ರಿಪೇರಿ ಮಾಡೋದು, ಈ ಎಲ್ಲ ಕೆಲಸಕ್ಕೂ ಸೇರಿ ಮೆಟಬಾಲಿಸಂ ಅಂತಾರೆ. ನೀವು ಚಾಪೆ ಮೇಲೆ ಸುಮ್ಮನೆ ಮಲಗಿದ್ದರೂ ಹೃದಯ, ಲಿವರ್, ಮೂತ್ರಪಿಂಡ ದುಡೀತಾನೇ ಇರುತ್ತವೆ. ದೇಹದ ತೂಕದಲ್ಲಿ ಶೇ. 2ರಷ್ಟಿರೋ ಮೆದುಳು, ಆರಾಮವಾಗಿದ್ದಾಗ ಖರ್ಚಾಗೋ ಶಕ್ತಿಯಲ್ಲಿ ಐದನೇ ಒಂದು ಭಾಗ ತಾನೇ ತಗೊಳ್ಳುತ್ತೆ. ಹೆಚ್ಚು ಓಡಾಡದವರಲ್ಲಿ ದಿನದ ಒಟ್ಟು ಖರ್ಚಿನ ಶೇ. 60ರಿಂದ 70ರಷ್ಟು ಹೋಗೋದು ಈ ಸುಮ್ಮನಿರೋ ದೇಹವನ್ನು ನಡೆಸೋಕೇ. ತಿಂದದ್ದನ್ನು ಜೀರ್ಣ ಮಾಡೋಕೆ ಇನ್ನೊಂದು ಹತ್ತು ಭಾಗ. ಉಳಿದದ್ದು ಓಡಾಟ, ಕೆಲಸ. ಚಿಕ್ಕವ್ವನ ಎದೆ ಬಡೀತಿದೆ, ಮೈ ಬೆಚ್ಚಗಿದೆ, ಅವಳು ನನ್ನ ಹತ್ತಿರ ಮಾತಾಡ್ತಿದ್ದಾಳೆ. ಮೆಟಬಾಲಿಸಂ ಸತ್ತಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಇನ್ನು ಆ ಮಷೀನ್. ಅದು ಕಾಲಿನಿಂದಲೋ ಕೈಯಿಂದಲೋ ತೀರಾ ಸಣ್ಣ ಕರೆಂಟ್ ಹರಿಸಿ, ಅದಕ್ಕೆ ಮೈಯಲ್ಲಿ ಎಷ್ಟು ತಡೆ ಸಿಕ್ಕಿತು ಅಂತ ನೋಡುತ್ತೆ. ಆಮೇಲೆ ಅದನ್ನೂ, ತಾನು ತೂಗಿದ ತೂಕವನ್ನೂ, ನಾವೇ ಒತ್ತಿ ಕೊಟ್ಟ ವಯಸ್ಸು, ಎತ್ತರವನ್ನೂ ಒಂದು ಸೂತ್ರಕ್ಕೆ ಹಾಕಿ ಅಂದಾಜು ಹೇಳುತ್ತೆ. ಆಗಷ್ಟೇ ಹಬ್ಬದೂಟ ಮಾಡಿ ಎರಡು ಲೋಟ ನೀರು ಕುಡಿದವರ ಅಂದಾಜು ಇನ್ನಷ್ಟು ಏರುಪೇರು. ಮೆಟಬಾಲಿಸಂ ನಿಜವಾಗಿ ಅಳೀಬೇಕಾದರೆ ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಯ್ತು ಅಂತ ಅಳೀಬೇಕು. ಅದೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಅಲ್ಲಾಡದೆ ಮಲಗಿಸಿ. ನಡುಮನೆಯಲ್ಲಿ ಅದು ಆಗೋ ಕೆಲಸವಲ್ಲ. ಬಾಡಿ ಏಜ್ ಅನ್ನೋದು ಯಾವ ಡಾಕ್ಟರೂ ಬರೆಯೋ ರಿಪೋರ್ಟಲ್ಲ.

ವಯಸ್ಸಾದ ಹಾಗೆ ನಿಧಾನ ಆಗಲ್ವಾ ಮೇಡಂ ಅಂತ ಕೇಳ್ತೀರಿ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ ಒಟ್ಟುಗೂಡಿಸಿದ ಅಧ್ಯಯನ ಸೈನ್ಸ್ ಪತ್ರಿಕೆಯಲ್ಲಿ ಬಂತು. ದೇಹದ ಗಾತ್ರ, ಮಾಂಸಖಂಡದ ಲೆಕ್ಕ ಹಿಡಿದು ನೋಡಿದರೆ 20ರಿಂದ 60ರ ತನಕ ಮೆಟಬಾಲಿಸಂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತೆ. ಅರವತ್ತು ದಾಟಿದ ಮೇಲೆ ವರ್ಷಕ್ಕೆ ಶೇ. 1ಕ್ಕಿಂತಲೂ ಕಮ್ಮಿ ಇಳಿಯುತ್ತೆ. ಅರವತ್ತೇ ತುಂಬದ ಹೆಂಗಸಿಗೆ ಸತ್ತೋಗಿದೆ ಅನ್ನೋಕೆ ಯಾವ ಧೈರ್ಯ!

ಚಿಕ್ಕವ್ವನ ತೂಕ ಏರಿದೆ, ಅದು ನಿಜ. ಕಾರಣ ಹುಡುಕೋಕೆ ಮಷೀನ್ ಬೇಡ. ಮಂಡಿನೋವು ಶುರುವಾದ ಮೇಲೆ ಗದ್ದೆಗೆ ಇಳಿಯೋದು ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 55 ಕೆ.ಜಿ. ತೂಕದ ಹೆಂಗಸು ಮಧ್ಯಮ ದುಡಿಮೆ ಮಾಡಿದರೆ ದಿನಕ್ಕೆ 2,130 ಕ್ಯಾಲೊರಿ ಬೇಕು, ಹೆಚ್ಚಾಗಿ ಕೂತೇ ಇದ್ದರೆ 1,660 ಸಾಕು. ಅಂತರ 470. ಅಂದರೆ ಒಂದೂವರೆ ಮುದ್ದೆಯಷ್ಟು. ನಾಟಿ, ಕಳೆ, ಕಟಾವು ನಿಂತರೂ ತಟ್ಟೆಗೆ ಬೀಳೋದು ಮೊದಲಿನಷ್ಟೇ. ಅದರ ಮೇಲೆ ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಅಲ್ಲೇ 200 ಕ್ಯಾಲೊರಿ. ಬೆಲ್ಲ ಹಾಕಿದರೆ ಏನೂ ಆಗಲ್ಲ ಅಂತ ನಮ್ಮ ಕಡೆ ನಂಬಿಕೆ. ಆಲೆಮನೆ ಊರಲ್ಲಿ ಹುಟ್ಟಿದವಳು ಹೇಳ್ತಿದ್ದೀನಿ, ಕ್ಯಾಲೊರಿಯಲ್ಲಿ ಬೆಲ್ಲ ಸಕ್ಕರೆಗಿಂತ ಹೇಳಿಕೊಳ್ಳೋ ಅಷ್ಟು ಕಮ್ಮಿಯಿಲ್ಲ. ಎಣ್ಣೆಯಂತೂ ಗ್ರಾಂಗೆ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿನ ಎರಡರಷ್ಟಕ್ಕಿಂತ ಹೆಚ್ಚು. ಸಂಜೆ ಬಜ್ಜಿ ಬೋಂಡದ ಬಗ್ಗೆ ಆ ಕೋಚ್ ಒಂದು ಮಾತೂ ಕೇಳಲಿಲ್ಲ. ನೇರ ಮುದ್ದೆಗೇ ಕೈ ಹಾಕಿದರು.

ಮುದ್ದೆ ಏನು ಪಾಪ ಮಾಡಿತ್ತು? 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಡಯಟ್ ಅಂತ ಕೊಂಡು ತಿನ್ನೋ ಓಟ್ಸ್‌ನಲ್ಲಿ ಅದಕ್ಕಿಂತ ಹೆಚ್ಚು. ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ 360 ಮಿಲಿಗ್ರಾಂ ದಾಟುತ್ತೆ. ರಾಗಿಯಲ್ಲಿ ಪ್ರೋಟೀನ್ ಕಮ್ಮಿ, ಒಪ್ತೀನಿ. ಅದಕ್ಕೇ ಅಲ್ವಾ ಜೊತೆಗೆ ಹುರುಳಿ ಸಾರು, ಅವರೆಕಾಳು, ಬಸ್ಸಾರು ಇರೋದು. ಎರಡರ ಜಾಗದಲ್ಲಿ ಒಂದು ಉಣ್ಣಿ ಅಂದಿದ್ದರೆ ನಾನೂ ತಲೆ ಆಡಿಸ್ತಿದ್ದೆ. ಇದೇ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ತಳಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟು, ಸಾವಿರಾರು ಮನೆಗಳ ಹೊಟ್ಟೆ ತುಂಬಿಸಿದರು. ಆ ಊರಲ್ಲಿ ನಿಂತು, ಉಂಡ ಕೈ ಒಣಗೋ ಮುಂಚೆ ಮುದ್ದೆ ವಿಷ ಅನ್ನೋ ಹಾಗೆ ಮಾತಾಡಿದ್ದು ನನ್ನ ಹೊಟ್ಟೆ ಉರಿಸಿದೆ.

ಗೃಹಪ್ರವೇಶದ ಮನೆಯವರೇ ಒಬ್ಬರು, "ಹಂಗಲ್ಲ ಕಣೇ, ನಮ್ಮ ಅತ್ತಿಗೆ ಒಂದೇ ವಾರಕ್ಕೆ ಮೂರು ಕೆ.ಜಿ. ಇಳಿದಿದ್ದಾರೆ" ಅಂದರು. ಇಳೀತಾರೆ. ದೇಹ ಕೂಡಿಟ್ಟ ಗ್ಲೈಕೋಜೆನ್ ಅನ್ನೋ ಸಕ್ಕರೆ ದಾಸ್ತಾನು ಖರ್ಚಾದಾಗ ಅದರ ಮೂರು ನಾಲ್ಕರಷ್ಟು ನೀರೂ ಜೊತೆಗೇ ಹೋಗುತ್ತೆ. ಮೊದಲ ವಾರದ ತೂಕದಲ್ಲಿ ಬಹುಪಾಲು ಅದೇ. ಒಂದು ಕೆ.ಜಿ. ಕೊಬ್ಬು ಕರಗೋಕೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು, ವಾರಕ್ಕೆ ಮೂರು ಕೆ.ಜಿ. ಕೊಬ್ಬು ಹೋಗೋದು ಸಾಧ್ಯವಿಲ್ಲ. ಪುಡಿಯಲ್ಲಿ ಮಂತ್ರ ಇಲ್ಲ. ಒಂದು ಹೊತ್ತಿನ ಊಟ ತೆಗೆದು 200 ಕ್ಯಾಲೊರಿ ಲೋಟ ಇಟ್ಟರೆ ಯಾರಾದರೂ ಇಳೀತಾರೆ. ಆ ಲೋಟದಲ್ಲಿ ಮಜ್ಜಿಗೆ ಇದ್ದರೂ ಇಳೀತಾರೆ. ತೀರಾ ಕಮ್ಮಿ ತಿಂದರೆ ಮಾತ್ರ ಮೆಟಬಾಲಿಸಂ ನಿಜವಾಗಿಯೂ ಕುಗ್ಗುತ್ತೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದಾಗ, ಸುಮ್ಮನಿದ್ದಾಗಿನ ಶಕ್ತಿಯ ಖರ್ಚು ಸುಮಾರು ಶೇ. 40ರಷ್ಟು ಇಳಿದಿತ್ತು. ಯಾವುದನ್ನು ಬದುಕಿಸ್ತೀನಿ ಅಂತ ದುಡ್ಡು ಇಸ್ಕೊಳ್ತಾರೋ ಅದನ್ನೇ ಕುಗ್ಗಿಸೋ ದಾರಿ ಇದು.

ನನ್ನ ಭಯ ಬೇರೆಯೇ ಇದೆ. ಚಿಕ್ಕವ್ವ ಶುಗರ್ ಮಾತ್ರೆ ನುಂಗ್ತಾಳೆ, ಇನ್ಸುಲಿನ್ ಹೆಚ್ಚು ಸುರಿಯೋ ಹಾಗೆ ಮಾಡೋ ಗ್ಲಿಮೆಪಿರೈಡ್. ಅದನ್ನು ನುಂಗಿ ರಾತ್ರಿ ಊಟ ಬಿಟ್ಟರೆ ನಿದ್ದೆಯಲ್ಲೇ ಶುಗರ್ ಕುಸಿಯಬಹುದು. ನನ್ನ ಅಪ್ಪನಿಗೆ ಹಾಗಾದ ರಾತ್ರಿ ಬೆವರಿನಲ್ಲಿ ತೊಯ್ದು ಮಲಗಿದ್ದವರನ್ನು ಎಬ್ಬಿಸೋಕೆ ನಾವು ಪಟ್ಟ ಪಾಡು ಇವತ್ತಿಗೂ ನೆನಪಾಗಿ ಕೈ ನಡುಗುತ್ತೆ. ಆ ಕೋಚ್ ನಡುಮನೆಯಲ್ಲಿ ನಿಂತ ಯಾರನ್ನೂ ನೀವು ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಲಿಲ್ಲ. ಥೈರಾಯ್ಡ್ ಬಗ್ಗೆಯೂ ಕೇಳಲಿಲ್ಲ. ಥೈರಾಯ್ಡ್ ಕಮ್ಮಿ ಕೆಲಸ ಮಾಡೋದು ಮೆಟಬಾಲಿಸಂ ನಿಜಕ್ಕೂ ನಿಧಾನ ಮಾಡೋ ಕಾಯಿಲೆ, ಟಿಎಸ್‌ಎಚ್ ಅನ್ನೋ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ.

ನಾಳೆ ಬೆಳಗ್ಗೆ ಚಿಕ್ಕವ್ವನನ್ನು ಅದಕ್ಕೇ ಕರ್ಕೊಂಡು ಹೋಗ್ತಿದ್ದೀನಿ. ಅವಳು ಕೊಂಡ ಡಬ್ಬಿಯ ಸೀಲ್ ಒಡೆದಿಲ್ಲ. ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಮೆಸೇಜ್ ಹಾಕಿದ್ದೀನಿ. ಭಾನುವಾರ ಅಲ್ಲಿದ್ದವರಲ್ಲಿ ಶುಗರ್ ಮಾತ್ರೆ ನುಂಗೋರು ಇನ್ನೂ ಇದ್ದಾರೆ. ಅವರ ಮಕ್ಕಳು ಇದನ್ನು ಓದ್ತಿದ್ದರೆ ಇವತ್ತು ರಾತ್ರಿಯೇ ಮನೆಗೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ.