ಈ ಗೈಡ್‌ಬುಕ್ ಬರೆದವರು ಮಾಲ್ಟಾಗೆ ಹೋಗಿದ್ದರಾ?

ಇಲ್ಲ, ನನಗೆ ಉತ್ತರ ಬೇಕು. ಹೈಪೋಜಿಯಮ್ ಅನ್ನುವ ನೆಲದಡಿಯ ಹಳೇ ಸಮಾಧಿಯ ಟಿಕೆಟ್ ವಿಷಯವನ್ನು "ಮಕ್ಕಳ ಜೊತೆ ಪ್ರವಾಸ" ಅನ್ನುವ ಪುಟದಲ್ಲಿ ಯಾಕೆ ಹಾಕುತ್ತಾರೆ? ನಮ್ಮ ಜೊತೆ ಮಕ್ಕಳೇ ಬಂದಿಲ್ಲ. ಆ ಪುಟ ನಾನ್ಯಾಕೆ ಓದಲಿ?

ಕೌಂಟರಿನಲ್ಲಿ ಟಿಕೆಟ್ ಸಿಗದೆ ವಾಪಸ್ ಬರುವಾಗ ಬಸ್ಸಿನಲ್ಲಿ ಆ ಪುಟ ಹುಡುಕಿದ್ದು ಭಾವ. ಜೋರಾಗಿ ಓದಿದರು. ಅಕ್ಕನಿಗೂ ಅರ್ಥ ಆಗಲಿ ಅಂತ ಕನ್ನಡದಲ್ಲೇ ಹೇಳಿದರು. "ಆರು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಟಿಕೆಟ್ ವಾರಗಟ್ಟಲೆ ಮೊದಲೇ ಖಾಲಿಯಾಗುತ್ತದೆ." ಓದಿ, ಪುಸ್ತಕ ಮುಚ್ಚಿ, ನನ್ನ ಮಡಿಲಲ್ಲಿ ಇಟ್ಟರು. ಮುಂದೆ ಒಂದು ಮಾತೂ ಇಲ್ಲ. ಏನಾದರೂ ಅಂದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಈಗ ಸ್ಲೀಮಾದ ರೂಮಿನಲ್ಲಿ ಕೂತಿದ್ದೇನೆ. ಎಲ್ಲರೂ ಸಮುದ್ರ ನೋಡಲು ಹೋಗಿದ್ದಾರೆ. ನಾನು ತಲೆನೋವು ಅಂತ ಹೇಳಿ ಉಳಿದುಕೊಂಡೆ. ಆ ಕೌಂಟರ್ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಪಾವ್ಲಾ ಊರಿನ ಒಂದು ಬೀದಿ. ಸಾಲು ಮನೆಗಳು, ಮುಂದೆ ಕಾರುಗಳು. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಇಲ್ಲ. ಆ ಮನೆಗಳ ಕೆಳಗೆ ಬಂಡೆ ಕೊರೆದು ಮಾಡಿದ ಮೂರು ಅಂತಸ್ತಿನ ಸಮಾಧಿ ಇದೆ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಂತ ಬಂಡೆ ಕಡಿಯುವಾಗ ಸಿಕ್ಕಿದ್ದು. ನಾಲ್ಕೂವರೆ ಸಾವಿರ ವರ್ಷಕ್ಕಿಂತ ಹಳೆಯದು. ಸುಮಾರು 7,000 ಜನರ ಮೂಳೆಗಳು ಅಲ್ಲಿದ್ದವು ಅಂತ ಅಂದಾಜು. ನೋಡಿ, ಇದೆಲ್ಲ ನನಗೆ ಬಾಯಿಪಾಠ! ಪುಸ್ತಕದಲ್ಲಿ ಇದೆ. ನಕ್ಷೆ ಸಮೇತ ಎರಡು ಪುಟ ಇದೆ. ಯಾವ ಕೋಣೆಯಲ್ಲಿ ಮಾತಾಡಿದರೆ ದನಿ ಗುಂಯ್ ಅನ್ನುತ್ತದೆ ಅಂತಲೂ ಇದೆ. ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಇದನ್ನೇ ಹೇಳುತ್ತಾ ಬಂದಿದ್ದೆ.

ಕೌಂಟರಿನಲ್ಲಿ ಒಬ್ಬ ಹೆಂಗಸು. ಒಳ್ಳೆಯವಳು, ಅವಳ ಮೇಲೆ ನನಗೆ ಕೋಪ ಇಲ್ಲ. "ನಿಮ್ಮದು ಯಾವ ಟೂರ್?" ಅಂದಳು. ನಾನು "ನಾಲ್ಕು" ಅಂದೆ. ನಾಲ್ಕು ಜನ ಅನ್ನುವ ಅರ್ಥದಲ್ಲಿ. ಬೆರಳೂ ತೋರಿಸಿದೆ. ಅವಳು "ನಾಲ್ಕು ಗಂಟೆಯದಾ? ಬೇಗ ಬಂದುಬಿಟ್ಟಿದ್ದೀರಿ. ಹೆಸರು?" ಅಂತ ಕಂಪ್ಯೂಟರ್ ನೋಡಿದಳು. ಇಲ್ಲಿ ಟಿಕೆಟ್‌ಗೆ ಹೆಸರು ಬರೆಸಬೇಕೇನೋ ಅಂದುಕೊಂಡು ನಾನು ಹೆಸರು ಹೇಳಿದೆ. ಸಿಗಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಸಿಗಲಿಲ್ಲ. ನಮ್ಮವರು ಹಿಂದಿನಿಂದ ಬಗ್ಗಿ, "ನಮ್ಮಲ್ಲಿ ಇನಿಷಿಯಲ್ ಮುಂದೆ ಬರುತ್ತೆ, ಹಾಗೆ ನೋಡಿ" ಅಂದರು. ಅವಳು ಹಾಗೂ ನೋಡಿದಳು. ಆಮೇಲೆ ಭಾವನ ಹೆಸರು. ಆಮೇಲೆ ಅಕ್ಕನ ಹೆಸರು. ನಮ್ಮ ಮನೆಯ ರೇಷನ್ ಕಾರ್ಡು ಪೂರ್ತಿ ಓದಿ ಆಯಿತು.

"ಯಾವಾಗ ಬುಕ್ ಮಾಡಿದ್ದು?" ಅಂದಳು.

ಆ ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಹೊರಗೆ ಬರಬಹುದಿತ್ತು, ಅಲ್ವಾ? ನಾನು ಬರಲಿಲ್ಲ. ಬ್ಯಾಗಿನಿಂದ ಪುಸ್ತಕ ತೆಗೆದೆ. ಹಳದಿ ಚೀಟಿ ಅಂಟಿಸಿದ ಪುಟ ಬಿಡಿಸಿದೆ. ಬೆಳಿಗ್ಗೆ 9ರಿಂದ ಸಂಜೆ 5 ಅಂತ ಬರೆದಿರುವ ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ಹೇಳಿದ್ದಾರೆ, ನೋಡಿ" ಅಂದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ನಿಧಾನವಾಗಿ, ಮರ್ಯಾದೆಯಿಂದ ಓದಿದಳು. ಓದಿ, "ಹೌದು, ನಾವು ತೆರೆದೇ ಇದ್ದೇವೆ. ಟಿಕೆಟ್ ಮಾತ್ರ ಇಲ್ಲ" ಅಂದಳು. ಮುಂದಿನ ತಿಂಗಳಿಗಾದರೆ ನಾಲ್ಕು ಸಿಗಬಹುದಂತೆ.

ಅಷ್ಟರಲ್ಲಿ ಹಿಂದೆ ಜನ ಸೇರಿದ್ದರು. ಒಳಗೆ ಹೋಗುವ ತಂಡದವರು. ಫೋನು, ಬ್ಯಾಗು ಎಲ್ಲ ಲಾಕರಿನಲ್ಲಿ ಇಡುತ್ತಿದ್ದರು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದೂ ಪುಸ್ತಕದಲ್ಲಿ ಇಲ್ಲ. ಒಬ್ಬ ಬಿಳಿ ಕೂದಲಿನ ಅಜ್ಜಿ ನನ್ನ ತೋಳು ತಟ್ಟಿ, "ನಾವು ಮೂರು ತಿಂಗಳ ಹಿಂದೆಯೇ ಬುಕ್ ಮಾಡಿದ್ವಿ, ಡಿಯರ್" ಅಂದರು. ನಾನು ಕೇಳಿದ್ನಾ?

ಒಂದು ಸಲಕ್ಕೆ 10 ಜನ, ದಿನಕ್ಕೆ 80 ಜನ ಮಾತ್ರ. ಜನರ ಉಸಿರಿನ ತೇವಕ್ಕೆ, ಕಾರ್ಬನ್ ಡೈ ಆಕ್ಸೈಡಿಗೆ ಗೋಡೆ ಮೇಲಿನ ಕೆಂಪು ಕಾವಿಯ ಚಿತ್ರಗಳು ಹಾಳಾಗುತ್ತವೆ ಅಂತ ಈ ಲೆಕ್ಕ. ಸರಿಯಾದ ನಿಯಮ. ಬಿಗಿಯಾಗಿಯೇ ಇರಬೇಕು. ಆದರೂ ನಾವು ನಾಲ್ಕು ಜನ ಒಂದು ಗಂಟೆ ಮೆತ್ತಗೆ ಉಸಿರಾಡಿದ್ದರೆ ಆ ಗುಹೆಗೆ ಏನಾಗುತ್ತಿತ್ತು?

"ಹತ್ತಿರದಲ್ಲೇ ತಾರ್ಶೀನ್ ದೇವಸ್ಥಾನಗಳಿವೆ, ನಡೆದೇ ಹೋಗಬಹುದು, ಅಲ್ಲಿ ಟಿಕೆಟ್ ಸಿಗುತ್ತದೆ" ಅಂತ ಅವಳೇ ಹೇಳಿದಳು. ಭಾವ ಬಿಸಿಲಿನ ಕಡೆ ಕೈ ತೋರಿಸಿ, "ಬೇಡಮ್ಮ, ಇವತ್ತಿಗೆ ಇಷ್ಟು ಸಾಕು" ಅಂದರು.

ಈಗ ಕೇಳುತ್ತೀರಿ, ಪುಸ್ತಕ ನೋಡಿ ತಗೋಬೇಕಿತ್ತು ಅಂತ. ಹೇಗೆ ನೋಡುವುದು ಸ್ವಾಮಿ? ಬೆಂಗಳೂರಿನ ಆ ಅಂಗಡಿಯಲ್ಲಿ ಎಲ್ಲದಕ್ಕೂ ಪ್ಲಾಸ್ಟಿಕ್ ಸುತ್ತಿಟ್ಟಿದ್ದಾರೆ. "ಒಳಗೆ ಒಂದೇ ಒಂದು ಪುಟ ನೋಡಬೇಕು, ಯಾವ ವರ್ಷದ್ದು ಅಂತ" ಅಂದೆ. ಹುಡುಗ "ಓಪನ್ ಮಾಡಿದ್ರೆ ತಗೋಬೇಕು ಮೇಡಂ" ಅಂದ. ಸೀರೆ ಅಂಗಡಿಯಲ್ಲಿ ಇಡೀ ಬೀರು ಕೆಳಗಿಳಿಸಿ ಬಿಡಿಸಿ ತೋರಿಸುತ್ತಾರೆ. ಹೊದಿಕೆ ಮೇಲೆ ಕೆಂಪು ಚೀಟಿ: ಹೊಸ ಆವೃತ್ತಿ. ಮಾಲ್ಟಾದ್ದು ಅಂತ ಅವರ ಹತ್ತಿರ ಇದ್ದದ್ದೂ ಎರಡೇ. ಇನ್ನೊಂದು ಮಾಲ್ಟಾ, ಸಿಸಿಲಿ, ಸಾರ್ಡಿನಿಯಾ ಮೂರೂ ಸೇರಿಸಿದ್ದು. ಇದನ್ನು ತಗೊಂಡೆ.

ಹೊಸ ಆವೃತ್ತಿಯ ಕಥೆ ಕೇಳಿ. ಗೋಜೋ ದ್ವೀಪದ ಅಝೂರ್ ವಿಂಡೋ ಗೊತ್ತಲ್ಲ, ಸಮುದ್ರದಲ್ಲಿ ನಿಂತ ಕಲ್ಲಿನ ಕಮಾನು. ಅದು 2017ರ ಮಾರ್ಚ್ 8ರಂದು ಬಿರುಗಾಳಿಗೆ ಪೂರ್ತಿ ಕುಸಿದು ನೀರಿಗೆ ಬಿತ್ತು. ಪುಸ್ತಕದ ಗೋಜೋ ಅಧ್ಯಾಯದಲ್ಲಿ ಬಿದ್ದುಹೋಗಿದೆ ಅಂತ ಬರೆದಿದ್ದಾರೆ, ಶ್ರದ್ಧಾಂಜಲಿ ಬೇರೆ. ಅದೇ ಪುಸ್ತಕದ ಮೊದಲಲ್ಲಿ "ದಿನಕ್ಕೊಂದು ಯೋಜನೆ" ಅಂತ ಇದೆ. ಅಲ್ಲಿ ಮೂರನೇ ದಿನ ಏನಂತೆ? ಸಂಜೆ ಅಝೂರ್ ವಿಂಡೋ ಕೆಳಗೆ ನಿಂತು ಸೂರ್ಯಾಸ್ತ ನೋಡಿ ಅಂತೆ! ಯಾರ ಕೆಳಗೆ ನಿಲ್ಲಬೇಕು? ಮೀನುಗಳ ಜೊತೆಯಲ್ಲಾ? ಹಳದಿ ಬಸ್ಸುಗಳ ಚೆಂದದ ಫೋಟೋ ಒಂದು ಪುಟದ ತುಂಬ ಇದೆ. ಆ ಬಸ್ಸುಗಳು 2011ರಲ್ಲೇ ರಸ್ತೆ ಬಿಟ್ಟಿವೆ. ಈಗಿನ ಬಸ್ಸು ತುಂಬಿದ್ದರೆ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುತ್ತದೆ, ಕೈ ಅಡ್ಡ ಹಾಕಿದರೂ ಅಷ್ಟೇ. ಅದನ್ನು ಬರೆಯಲು ಅರ್ಧ ಸಾಲು ಸಾಕಿತ್ತು.

ಚಿರ್ಕೆವಾದಲ್ಲಿ ಗೋಜೋ ದೋಣಿಗೆ ಟಿಕೆಟ್ ಕೌಂಟರ್ ಹುಡುಕಿ ಹುಡುಕಿ ಸುಸ್ತಾದೆವು. ಜನ ಸುಮ್ನೆ ನಡೆದು ಹತ್ತುತ್ತಿದ್ದಾರೆ. ಇವರೆಲ್ಲ ಪಾಸ್ ಇರುವವರು ಅಂತ ನಾನು ವಿವರಣೆ ಕೊಟ್ಟೆ, ಪುಸ್ತಕದಲ್ಲಿ ಏನೂ ಇಲ್ಲವಲ್ಲ, ನಾನೇ ತುಂಬಿಸಬೇಕು. ವಿಷಯ ಏನೆಂದರೆ ಹೋಗುವಾಗ ದುಡ್ಡು ಕೇಳುವುದೇ ಇಲ್ಲ. ವಾಪಸ್ ಬರುವಾಗ ಗೋಜೋ ಕಡೆಯಲ್ಲಿ ಎರಡಕ್ಕೂ ಸೇರಿಸಿ ತಗೊಳ್ಳುತ್ತಾರೆ. ನಮಗೆ ಹೇಳಿದವನು ಹಗ್ಗ ಸುತ್ತುತ್ತಿದ್ದ ಒಬ್ಬ ಹುಡುಗ.

ಊಟದ ಅಧ್ಯಾಯ ಹೇಳಲೇಬಾರದು. ಮೊಲದ ಸಾರಿಗೆ ಎರಡು ಪುಟ. ಸಸ್ಯಾಹಾರಿಗಳಿಗೆ "ಸಲಾಡ್ ಸಿಗುತ್ತದೆ" ಅಂತ ಒಂದು ಸಾಲು. ಇಲ್ಲಿ ಬೀದಿಬೀದಿಗೆ ಪಸ್ತಿತ್ಸಿ ಮಾರುತ್ತಾರೆ. ಪದರ ಪದರವಾದ ಹಿಟ್ಟು, ಒಳಗೆ ಬಟಾಣಿ ಅಥವಾ ರಿಕೋಟಾ, ಕೈ ಸುಡುವಷ್ಟು ಬಿಸಿ. ಅಕ್ಕ ದಿನಾ ಅದರ ಮೇಲೇ ಬದುಕಿದ್ದಾರೆ. ಕೆಲವರು ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರಂತೆ, ಕೇಳಿ ತಗೋಬೇಕು. ಬ್ರೆಡ್ಡಿಗೆ ಹೇಳದೆ ಕೇಳದೆ ಟ್ಯೂನಾ ಮೀನು ಹಾಕುತ್ತಾರೆ, ಮೊದಲೇ ಬೇಡ ಅನ್ನಬೇಕು. ಇದನ್ನೆಲ್ಲ ಹೇಳಿದ್ದು ನಮ್ಮ ಹೋಟೆಲಿನಲ್ಲಿ ಕೆಲಸ ಮಾಡುವ ಕೇರಳದ ಹುಡುಗ. ಸೇಂಟ್ ಜಾನ್ ಚರ್ಚು ಭಾನುವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ ಅಂತ ಹೇಳಿದ್ದೂ ಅವನೇ. ಪುಸ್ತಕದಲ್ಲಿ ಏನಿದೆ? ಕಾರಾವಾಜೋ 1608ರಲ್ಲಿ ಅಲ್ಲಿ ಬರೆದ ಚಿತ್ರದಲ್ಲಿ ರಕ್ತದ ಕಲೆಯೊಳಗೆ ತನ್ನ ಸಹಿ ಹಾಕಿದ್ದಾನೆ ಅಂತ ಇದೆ. ರೋಮಾಂಚನ ಆಗುತ್ತದೆ, ಒಪ್ಪಿದೆ. ಬಾಗಿಲು ಯಾವತ್ತು ತೆಗೆದಿರುತ್ತದೆ ಅಂತಲೂ ಹೇಳಿ ಮಾರಾಯರೇ!

ಭಾವ ಹೊರಡುವ ಮೊದಲೇ ಅಂದಿದ್ದರು, "ಫೋನ್ ಇದೆಯಲ್ಲಮ್ಮ, ಪುಸ್ತಕ ಯಾಕೆ ಹೊರಬೇಕು?" ಫೋನಿನಲ್ಲಿ ಏನಿದೆ ಅಂತ ನಾನೂ ನೋಡಿದ್ದೇನೆ. ಹಡಗಿನಿಂದ ಇಳಿದು ಅರ್ಧ ದಿನ ತಿರುಗಿ ಹೋದವರು "ಮಾಲ್ಟಾದಲ್ಲಿ ನೋಡಲೇಬೇಕಾದ ಹತ್ತು ಜಾಗ" ಅಂತ ಬರೆದಿರುತ್ತಾರೆ. ಹತ್ತರಲ್ಲಿ ಏಳು ಒಬ್ಬರದು ನೋಡಿ ಇನ್ನೊಬ್ಬರು ಇಳಿಸಿದ್ದು. ಅದಕ್ಕೇ ಪುಸ್ತಕ ಬೇಕು ಅನ್ನುವವಳು ನಾನು. ಈಗಲೂ ಅನ್ನುತ್ತೇನೆ. ಯಾರೋ ಒಬ್ಬರು ದುಡ್ಡು ತಗೊಂಡು, ಊರು ತಿರುಗಿ, ಸರಿಯೋ ತಪ್ಪೋ ನೋಡಿ ಬರೆದಿರುತ್ತಾರೆ ಅನ್ನುವ ನಂಬಿಕೆ. ದುಡ್ಡು ತಗೊಂಡಿದ್ದು ಮಾತ್ರ ನಿಜ.

ನಮ್ಮ ಕನ್ನಡದ ಪ್ರವಾಸ ಕಥನಗಳೂ ಕಡಿಮೆ ಇಲ್ಲ ಬಿಡಿ. ವಿಮಾನದಲ್ಲಿ ಸಸ್ಯಾಹಾರ ಸಿಗದ ಕಥೆಗೇ ಎರಡು ಅಧ್ಯಾಯ ಮುಗಿದಿರುತ್ತದೆ.

ಮತ್ತೆ ನಾನಾದರೂ ಎಂಥವಳು ನೋಡಿ. ದೇವಸ್ಥಾನಕ್ಕೆ ಹಳದಿ ಚೀಟಿ, ಊಟಕ್ಕೆ ಗುಲಾಬಿ, ಸಮುದ್ರಕ್ಕೆ ನೀಲಿ. ಪುಸ್ತಕ ಹಬ್ಬಕ್ಕೆ ಅಲಂಕಾರ ಮಾಡಿದ ಹಾಗಿದೆ. ಎಲ್ಲರೂ ಕಾರಿಗೆ ಕಾಯುವಾಗ ನಾನು ನಿಂತು 1565ರ ಮುತ್ತಿಗೆಯ ಕಥೆ ಓದಿ ಹೇಳುತ್ತೇನೆ. ನಮ್ಮವರು ನನಗೆ "ಗೈಡ್ ಮೇಡಂ" ಅಂತ ಹೆಸರಿಟ್ಟಿದ್ದಾರೆ. ನಿನ್ನೆಯವರೆಗೂ ಅದು ನನಗೆ ಹೆಮ್ಮೆಯೇ ಆಗಿತ್ತು. ಇವತ್ತು ಸಂಜೆ ಅಕ್ಕ ಬಂದು, "ಗೈಡ್ ಮೇಡಂ, ಕಾಫಿ ಎಷ್ಟು ಗಂಟೆಗೆ ಬುಕ್ ಮಾಡಿದ್ದೀರಿ?" ಅಂತ ಕೇಳಿದರು. ನಾನೂ ನಕ್ಕೆ. ಏನು ಮಾಡಲಿ.

ಹೋಗಲಿ, ಬಿಟ್ಟುಬಿಡೋಣ ಅಂದುಕೊಳ್ಳುತ್ತೇನೆ. ಒಂದು ಗುಹೆ ನೋಡದಿದ್ದರೆ ಜೀವ ಹೋಗುವುದಿಲ್ಲ. ಅಲ್ಲಿ ಸಿಕ್ಕಿದ ಮಲಗಿರುವ ಹೆಂಗಸಿನ ಪುಟ್ಟ ಮಣ್ಣಿನ ಬೊಂಬೆ ವಲೆಟಾದ ಮ್ಯೂಸಿಯಮ್ಮಿನಲ್ಲೇ ಇದೆ, ಅದನ್ನು ನೋಡಿದರೆ ಆಯಿತು. ಆದರೆ ಯಾಕೆ ಬಿಡಬೇಕು? ಇಡೀ ದೇಶ 316 ಚದರ ಕಿಲೋಮೀಟರ್. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಇಷ್ಟು ಚಿಕ್ಕ ಜಾಗ ಒಂದು ಸಲ ತಿರುಗಿ, ಬಾಗಿಲು ತಟ್ಟಿ, ಕೇಳಿ ಬರೆಯಲು ಆಗುವುದಿಲ್ಲವಾ? ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ: ವಿಮಾನದ ಟಿಕೆಟ್ ಜೊತೆಗೇ ಹೈಪೋಜಿಯಮ್ ಟಿಕೆಟ್ ತಗೊಳ್ಳಿ. ಅಷ್ಟೇ. ಮಿಕ್ಕಿದ್ದು ಏನು ಬೇಕಾದರೂ ಬರೆದುಕೊಳ್ಳಿ. ಮೊಲದ ಸಾರಿಗೆ ಹತ್ತು ಪುಟ ಕೊಡಿ, ನನ್ನದೇನೂ ತಕರಾರಿಲ್ಲ.

ಇದನ್ನು ಯಾರು ತಿದ್ದುತ್ತಾರೆ, ಯಾರಿಗೆ ಹೇಳಬೇಕು? ಪುಸ್ತಕದ ಹಿಂದೆ ಒಂದು ವಿಳಾಸ ಇದೆ, "ನಿಮ್ಮ ಸಲಹೆಗಳಿಗೆ ಸ್ವಾಗತ" ಅಂತ. ಉದ್ದಕ್ಕೆ ಬರೆದು ಕಳಿಸಿದೆ. ತಕ್ಷಣ ಉತ್ತರ ಬಂತು, ಯಂತ್ರದ್ದು. ಧನ್ಯವಾದ ಹೇಳಿ, ಸಿಸಿಲಿ ಪುಸ್ತಕಕ್ಕೆ ರಿಯಾಯಿತಿ ಕೊಟ್ಟಿದ್ದಾರೆ.

ಒಂದೇ ಒಂದು ದಾರಿ ಉಳಿದಿದೆ. ಮಾರನೇ ದಿನದ ಟೂರಿಗೆ ಕೆಲವೇ ಟಿಕೆಟ್ ಎತ್ತಿಟ್ಟು ವಲೆಟಾದ ಸೇಂಟ್ ಎಲ್ಮೋ ಕೋಟೆಯಲ್ಲಿ ಮಾರುತ್ತಾರಂತೆ, ಬೆಳಿಗ್ಗೆ ಮೊದಲು ಬಂದವರಿಗೆ. ಬೆಲೆ ಜಾಸ್ತಿಯಂತೆ. ಕೌಂಟರಿನ ಆ ಹೆಂಗಸೇ ಹೇಳಿದ್ದು. ನಾಳೆ ನಾನು ಹೋಗುತ್ತೇನೆ. ಭಾವ ಬರುವುದಿಲ್ಲ, ನಮ್ಮವರು "ನೋಡೋಣ" ಅಂದಿದ್ದಾರೆ. ಅಂದರೆ ಬರುವುದಿಲ್ಲ. ಇಲ್ಲಿ ಯಾರಾದರೂ ಹಾಗೆ ಟಿಕೆಟ್ ತಗೊಂಡವರು ಇದ್ದೀರಾ? ಎಷ್ಟು ಗಂಟೆಗೆ ಹೋಗಿ ಕ್ಯೂ ನಿಲ್ಲಬೇಕು? ಒಬ್ಬರಿಗೆ ನಾಲ್ಕು ಕೊಡುತ್ತಾರಾ? ದಯವಿಟ್ಟು ಹೋಗಿ ಬಂದವರು ಮಾತ್ರ ಹೇಳಿ, ಓದಿ ತಿಳಿದವರು ಬೇಡ.